ಓದುಗರ ಪ್ರಶ್ನೆ: ಯಾವ ಸೆನ್ಸರ್, ಎಷ್ಟು, ಎಲ್ಲಿ?

ಮಷೀನ್ ಕೆಡೋಕೆ ಮುಂಚೆ ಏನೇನು ಸೂಚನೆ ಕೊಡತ್ತೆ ಅಂತ ಹೋದ ಸಲ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸೆನ್ಸರ್ ಬಗ್ಗೇನೇ ಇವೆ, ಯಾವುದು ಹಾಕೋದು, ಎಷ್ಟು ಹಾಕೋದು, ಎಲ್ಲಿ ಕೂರಿಸೋದು ಅಂತ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರೆದಿದೀನಿ. ಮೊದಲನೇದು ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ, ಮುಂದಿನದಕ್ಕೆಲ್ಲ ಅದೇ ಬುನಾದಿ.

ಪ್ರಶ್ನೆ: ಸರ್, ನಾನು ಮೇಂಟೆನೆನ್ಸ್ ಸೂಪರ್‌ವೈಸರ್. ನಮ್ಮಲ್ಲಿ ಒಂದು ಸೆಂಟ್ರಿಫ್ಯೂಗಲ್ ಪಂಪ್ ಲೈನ್ ಇದೆ, ಡಿಸ್ಚಾರ್ಜ್‌ನಲ್ಲಿ (ಪಂಪಿಂದ ನೀರು ಹೊರಗೆ ಹೋಗೋ ಕಡೆ) ಪ್ರೆಶರ್ ಸೆನ್ಸರ್, ಲೈನಿನ ಕೊನೇಲಿ ಫ್ಲೋ ಮೀಟರ್. ಏನಾದ್ರೂ ಆದ್ರೆ ಅಲಾರಂ ಏನೋ ಬರತ್ತೆ, ಆದ್ರೆ ಏನಾಗಿದೆ ಅಂತ ಗೊತ್ತಾಗಲ್ಲ, ಒಂದೊಂದೇ ಬಿಚ್ಚಿ ನೋಡ್ಬೇಕು. ಇನ್ನೂ ಎಷ್ಟು ಸೆನ್ಸರ್ ಹಾಕಿದ್ರೆ ಸಾಕು?

ಉತ್ತರ: ಎಷ್ಟು ಅನ್ನೋದನ್ನ ಆಮೇಲೆ ನೋಡೋಣ, ಮೊದಲು ಒಂದು ಹಾಳೆ ತಗೊಂಡು ಏನೇನು ಕೆಡಬಹುದು ಅಂತ ಬರೀರಿ. ನಿಮ್ಮ ಲೈನಿಗೆ ನಾನು ನಾಲ್ಕು ಬರೀತೀನಿ. ಸಕ್ಷನ್ ಸ್ಟ್ರೈನರ್ (ಪಂಪಿಗೆ ನೀರು ಬರೋ ಕಡೆ ಇರೋ ಜಾಲರಿ) ಕಟ್ಕೊಳ್ಳೋದು, ಇಂಪೆಲ್ಲರ್ (ಪಂಪ್ ಒಳಗೆ ನೀರು ತಳ್ಳೋ ಚಕ್ರ) ಸವೆಯೋದು, ಪಂಪಿಗೂ ಕೊನೆಗೂ ನಡುವೆ ಪೈಪ್ ಲೀಕ್ ಆಗೋದು, ಮುಂದೆ ಎಲ್ಲೋ ಪೈಪ್ ಬ್ಲಾಕ್ ಆಗೋದು. ಈಗ ಒಂದೊಂದು ಆದಾಗ್ಲೂ ನಿಮ್ಮ ಎರಡು ಮೀಟರ್ ಏನು ಹೇಳತ್ತೆ ಅಂತ ಪಕ್ಕದಲ್ಲಿ ಬರೀತಾ ಹೋಗಿ. ಸ್ಟ್ರೈನರ್ ಕಟ್ಕೊಂಡ್ರೆ ಪ್ರೆಶರ್ ಇಳಿಯತ್ತೆ, ಫ್ಲೋ ಇಳಿಯತ್ತೆ. ಇಂಪೆಲ್ಲರ್ ಸವೆದ್ರೂ ಎರಡೂ ಇಳಿಯತ್ತೆ. ಲೀಕ್ ಆದ್ರೆ ಪ್ರೆಶರ್ ಇಳಿಯತ್ತೆ, ನೀರು ದಾರೀಲೇ ಹೋಗಿರೋದ್ರಿಂದ ಕೊನೇಲಿರೋ ಫ್ಲೋ ಮೀಟರ್ ಕೂಡ ಇಳಿಯತ್ತೆ. ಬ್ಲಾಕ್ ಆದಾಗ ಮಾತ್ರ ಪ್ರೆಶರ್ ಏರಿ ಫ್ಲೋ ಇಳಿಯತ್ತೆ. ಅಂದ್ರೆ ನಾಲ್ಕರಲ್ಲಿ ಮೂರು ಕಾಯಿಲೆಗೆ ನಿಮ್ಮ ಮಷೀನ್ ಒಂದೇ ಲಕ್ಷಣ ತೋರಿಸ್ತಾ ಇದೆ. ನೀವು ಎಲ್ಲಾ ಬಿಚ್ಚಿ ನೋಡ್ಬೇಕಾಗಿರೋದು ಅದಕ್ಕೇ, ನಿಮ್ಮ ಹುಡುಗರ ತಪ್ಪೇನೂ ಇಲ್ಲ ಅದ್ರಲ್ಲಿ.

ಈಗ ಅದೇ ಫ್ಲೋ ಮೀಟರನ್ನ ಕೊನೆಯಿಂದ ತೆಗೆದು ಪಂಪ್ ಪಕ್ಕಕ್ಕೆ, ಡಿಸ್ಚಾರ್ಜ್‌ನಲ್ಲೇ ಹಾಕಿದ್ರೆ ಏನಾಗತ್ತೆ ನೋಡಿ. ಲೀಕ್ ಆದಾಗ ಪಂಪಿಗೆ ಎದುರಿನ ಅಡ್ಡಿ ಕಮ್ಮಿ ಆಗಿ ಅದು ಮುಂಚೆಗಿಂತ ಜಾಸ್ತಿ ನೀರು ತಳ್ಳತ್ತೆ, ಸೋ ಇಲ್ಲಿ ಫ್ಲೋ ಏರತ್ತೆ, ಪ್ರೆಶರ್ ಇಳಿಯತ್ತೆ. ಹೊಸ ಸೆನ್ಸರ್ ಒಂದೂ ತರದೆ, ಬರೀ ಜಾಗ ಬದಲಾಯಿಸಿದ್ದಕ್ಕೇ ಲೀಕ್ ಬೇರೆ ಆಯ್ತು! ಇನ್ನು ಉಳಿದಿರೋದು ಸ್ಟ್ರೈನರಾ ಇಂಪೆಲ್ಲರಾ ಅನ್ನೋದು. ಅದಕ್ಕೆ ಸಕ್ಷನ್ ಕಡೆ, ಸ್ಟ್ರೈನರ್ ಆದ್ಮೇಲೆ ಪಂಪಿಗೆ ಮುಂಚೆ, ಒಂದು ಪ್ರೆಶರ್ ಸೆನ್ಸರ್ ಹಾಕಿ. ಸ್ಟ್ರೈನರ್ ಕಟ್ಕೊಂಡ್ರೆ ಅಲ್ಲಿ ಪ್ರೆಶರ್ ಬೀಳತ್ತೆ, ಇಂಪೆಲ್ಲರ್ ಸವೆದಿದ್ರೆ ಬೀಳಲ್ಲ, ಫ್ಲೋ ಕಮ್ಮಿ ಆಗಿರೋದ್ರಿಂದ ಚೂರು ಏರಿದ್ರೂ ಏರಬಹುದು. ಅಲ್ಲಿಗೆ ಒಟ್ಟು ಮೂರು ಸೆನ್ಸರ್, ನಾಲ್ಕು ಕಾಯಿಲೆಗೂ ನಾಲ್ಕು ಬೇರೆ ಬೇರೆ ಲಕ್ಷಣ. ಈ ಮೂರರಲ್ಲಿ ಯಾವುದೇ ಒಂದನ್ನ ತೆಗೆದು ನೋಡಿ, ಯಾವುದೋ ಎರಡು ಕಾಯಿಲೆ ಮತ್ತೆ ಒಂದೇ ತರ ಕಾಣಕ್ಕೆ ಶುರು ಆಗತ್ತೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಲೆಕ್ಕದ ಉತ್ತರ, ಇನ್ನೊಂದೇ ಒಂದು ಸಾಕು.

ಆದ್ರೆ ಎರಡು ವಿಷಯ ಸೇರಿಸ್ಬೇಕು. ಕೊನೇಲಿ ಯಾರೋ ವಾಲ್ವ್ ಜಾಸ್ತಿ ತೆಗೆದ್ರೂ ಪ್ರೆಶರ್ ಇಳಿದು ಫ್ಲೋ ಏರತ್ತೆ, ಅಂದ್ರೆ ಮಾಮೂಲಿ ಬಳಕೆ ಕೂಡ ಲೀಕ್ ತರಾನೇ ಕಾಣತ್ತೆ. ಬಳಕೆ ದಿನಾ ಏರಿಳಿತ ಆಗ್ತಿದ್ರೆ ಕೊನೇಲಿರೋ ಮೀಟರನ್ನ ಅಲ್ಲೇ ಬಿಟ್ಟು ಪಂಪ್ ಹತ್ರ ಇನ್ನೊಂದು ಮೀಟರ್ ಹಾಕಿ, ಹೋದ ನೀರಿಗೂ ತಲುಪಿದ ನೀರಿಗೂ ವ್ಯತ್ಯಾಸ ನೋಡಿ, ಅದಕ್ಕಿಂತ ನೇರವಾದ ಸಾಕ್ಷಿ ಇಲ್ಲ. ಪ್ರತಿ ಸಲ ಕಾಯಿಲೆ ಪಟ್ಟಿ ಬರೆಯೋವಾಗ ಕಾಯಿಲೆ ಅಲ್ಲದ ಬದಲಾವಣೆಗಳನ್ನೂ ಒಂದು ಸಾಲಲ್ಲಿ ಬರೀರಿ, ಜನ ಇದನ್ನೇ ಮರೆಯೋದು. ಎರಡನೇದು ರೇಂಜ್. ಸಕ್ಷನ್‌ಗೆ ಸ್ಟೋರಲ್ಲಿ ಬಿದ್ದಿರೋ 10 ಬಾರ್ ಸೆನ್ಸರ್ ಹಾಕ್ಬೇಡಿ. ಅದು ಫುಲ್ ಸ್ಕೇಲಿನ 0.5% ಅಂತ ಇದ್ರೆ ಅದರ ತಪ್ಪೇ 0.05 ಬಾರ್ ಆಯ್ತು, ಸ್ಟ್ರೈನರ್ ಆಗ ತಾನೇ ಕಟ್ಕೊಳ್ಳೋಕೆ ಶುರು ಆದಾಗ ಬೀಳೋ ಪ್ರೆಶರ್ ಎಷ್ಟೋ ಸಲ ಅದಕ್ಕಿಂತ ಕಮ್ಮಿ ಇರತ್ತೆ, ಅಲ್ಲಿಗೆ ಸೆನ್ಸರ್ ಇದ್ದೂ ಇಲ್ಲದ ಹಾಗೆ.

ಪ್ರಶ್ನೆ: ಒಂದು ಸೆನ್ಸರ್ ಕೈ ಕೊಟ್ರೆ ಅಂತ ಎಲ್ಲಾ ಕಡೆ ಎರಡೆರಡು ಹಾಕಿದೀವಿ. ಇಷ್ಟು ಸೇಫ್ ತಾನೇ?

ಉತ್ತರ: ಎರಡು ಹಾಕಿದ್ರೆ ಯಾವುದೋ ಒಂದು ತಪ್ಪು ಅಂತ ಗೊತ್ತಾಗತ್ತೆ, ಯಾವುದು ತಪ್ಪು ಅಂತ ಗೊತ್ತಾಗಲ್ಲ. ಒಂದು 80 ಡಿಗ್ರಿ ಅಂತಿದೆ, ಇನ್ನೊಂದು 95 ಅಂತಿದೆ, ಯಾರನ್ನ ನಂಬ್ತೀರಾ? ಮೂರು ಇದ್ರೆ ಇಬ್ಬರು ಒಂದು ಕಡೆ ನಿಲ್ಲೋದ್ರಿಂದ ತೀರ್ಮಾನ ಮಾಡಬಹುದು, ಅದೂ ಮೂರೂ ಒಂದೇ ಕಾರಣಕ್ಕೆ ಕೆಡದೆ ಇದ್ರೆ ಮಾತ್ರ. 2009ರ ಜೂನ್ 1ಕ್ಕೆ ಅಟ್ಲಾಂಟಿಕ್ ಮೇಲೆ ಬಿದ್ದ ಏರ್ ಫ್ರಾನ್ಸ್ 447 ವಿಮಾನದಲ್ಲಿ ವೇಗ ಅಳೆಯೋ ಪಿಟೋ ಟ್ಯೂಬ್ ಮೂರು ಇದ್ವು, ಮೂರೂ ಒಂದೇ ಮಾದರಿ, ಮೂರೂ ಅದೇ ಮಂಜುಗಡ್ಡೆ ಹರಳು ತುಂಬಿದ ಗಾಳಿಗೆ ಮೈಯೊಡ್ಡಿದ್ವು. ವೇಗದ ರೀಡಿಂಗ್‌ಗಳು ಒಂದಕ್ಕೊಂದು ತಾಳೆ ಆಗದೆ ಆಟೋಪೈಲಟ್ ಕೈ ಬಿಟ್ಟಿತು, ಆಮೇಲಿನ ಗೊಂದಲದಲ್ಲಿ 228 ಜನ ಹೋದ್ರು. ಹಾಗೇ ಬೋಯಿಂಗ್ 737 ಮ್ಯಾಕ್ಸ್ ವಿಮಾನದಲ್ಲಿ ರೆಕ್ಕೆಗೆ ಗಾಳಿ ಬಡಿಯೋ ಕೋನ ಅಳೆಯೋ ಸೆನ್ಸರ್ ಎಡಕ್ಕೊಂದು ಬಲಕ್ಕೊಂದು ಅಂತ ಎರಡಿದ್ವು, ಆದ್ರೆ ಮೂತಿಯನ್ನ ಕೆಳಗೆ ತಳ್ಳೋ ಸಾಫ್ಟ್‌ವೇರ್ ಒಂದು ಸಲಕ್ಕೆ ಒಂದನ್ನ ಮಾತ್ರ ಕೇಳ್ತಿತ್ತು. 2018ರ ಅಕ್ಟೋಬರ್ 29ಕ್ಕೆ ಬಿದ್ದ ಲಯನ್ ಏರ್ ವಿಮಾನದಲ್ಲಿ ಎರಡು ಸೆನ್ಸರ್‌ಗಳ ನಡುವೆ ಸುಮಾರು 21 ಡಿಗ್ರಿ ವ್ಯತ್ಯಾಸ ಇತ್ತು, 189 ಜನ ಸತ್ರು. 2019ರ ಮಾರ್ಚ್ 10ಕ್ಕೆ ಇಥಿಯೋಪಿಯನ್ ವಿಮಾನದಲ್ಲೂ ಒಂದೇ ಸೆನ್ಸರಿನ ತಪ್ಪು ರೀಡಿಂಗಿಂದ ಅದೇ ಆಯ್ತು, 157 ಜನ. ಎರಡನೇ ಸೆನ್ಸರ್ ಹಾಕಿದ ಮಾತ್ರಕ್ಕೆ ಆಗಲ್ಲ, ಅದರ ಮಾತನ್ನ ಯಾರಾದ್ರೂ ಹೋಲಿಸಿ ನೋಡ್ತಿರ್ಬೇಕು. ಈ ಎರಡು ದಿನಾಂಕಗಳನ್ನ ನಾನು ಯಾವ ಟ್ರೈನಿಂಗಲ್ಲೂ ಬಿಟ್ಟಿಲ್ಲ.

ನಿಮಗೆ ನಾನು ಹೇಳೋದು, ಮೂರನೇ ಸೆನ್ಸರ್ ಖರೀದಿ ಮಾಡೋಕೆ ಮುಂಚೆ ಅದೇ ಸಂಗತಿಯನ್ನ ಬೇರೆ ದಾರಿಯಿಂದ ಲೆಕ್ಕ ಹಾಕೋಕಾಗತ್ತಾ ನೋಡಿ. ಪಂಪಿನ ಪ್ರೆಶರ್ ವ್ಯತ್ಯಾಸ, ಸ್ಪೀಡು ಗೊತ್ತಿದ್ರೆ ಪಂಪ್ ಕರ್ವಿಂದ (ಎಷ್ಟು ಪ್ರೆಶರಿಗೆ ಎಷ್ಟು ಫ್ಲೋ ಅನ್ನೋ ಗ್ರಾಫ್) ಫ್ಲೋ ಅಂದಾಜು ಸಿಗತ್ತೆ, ಅದನ್ನ ಫ್ಲೋ ಮೀಟರ್ ಜೊತೆ ಹೋಲಿಸಿ. ಅದು ಬೇರೆ ಜಾತಿ ಸಾಕ್ಷಿ ಆಗಿರೋದ್ರಿಂದ ಒಂದೇ ಕಾರಣಕ್ಕೆ ಎರಡೂ ಕೆಡೋ ಸಾಧ್ಯತೆ ಕಮ್ಮಿ. ಇನ್ನೊಂದು ಚಿಕ್ಕ ಜಾಣತನ ಕಾರಿನ ಆಕ್ಸಿಲರೇಟರ್ ಪೆಡಲಲ್ಲಿದೆ, ಅಲ್ಲಿ ಎರಡು ಸೆನ್ಸರ್ ಇರತ್ತೆ, ಬಹಳ ಗಾಡಿಗಳಲ್ಲಿ ಒಂದರ ವೋಲ್ಟೇಜ್ ಇನ್ನೊಂದರ ಅರ್ಧ ಇರೋ ಹಾಗೆ ಬೇಕಂತಲೇ ಮಾಡಿರ್ತಾರೆ. ಎರಡು ವೈರ್ ಒಂದಕ್ಕೊಂದು ತಾಕಿದ್ರೆ ಎರಡೂ ಸಮ ಆಗ್ಬಿಡತ್ತಲ್ಲ, ತಕ್ಷಣ ಸಿಕ್ಕಿಬೀಳತ್ತೆ! ಎರಡೂ ಒಂದೇ ತರ ಇದ್ದಿದ್ರೆ ಆ ಶಾರ್ಟ್ ಗೊತ್ತೇ ಆಗ್ತಿರ್ಲಿಲ್ಲ. 4ರಿಂದ 20 ಮಿಲಿಯಾಂಪ್ ಸಿಗ್ನಲ್ ಸೊನ್ನೆಯಿಂದ ಶುರು ಆಗದೆ 4ರಿಂದ ಶುರು ಆಗೋದಕ್ಕೂ ಇದೇ ಒಂದು ಕಾರಣ, ವೈರ್ ಕಟ್ ಆದ್ರೆ 0 ಬರತ್ತೆ, ಅದು ರೀಡಿಂಗ್ ಅಲ್ಲ ಕಾಯಿಲೆ ಅಂತ ಆಗಲೇ ಗೊತ್ತಾಗತ್ತೆ.

ಪ್ರಶ್ನೆ: ವಾಲ್ವ್ ಮುಚ್ಚು ಅಂತ ಪಿಎಲ್‌ಸಿ (ಮಷೀನ್ ನಡೆಸೋ ಕಂಪ್ಯೂಟರ್) ಕಮಾಂಡ್ ಕೊಟ್ಟಿದ್ದು ಸ್ಕ್ರೀನಲ್ಲಿ ಕಾಣತ್ತೆ. ಅದಾದ್ಮೇಲೂ ಪೊಸಿಷನ್ ಸೆನ್ಸರ್ ಯಾಕೆ ಅಂತ ಮ್ಯಾನೇಜ್‌ಮೆಂಟ್ ಕೇಳ್ತಿದೆ, ಏನು ಹೇಳಲಿ?

ಉತ್ತರ: ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಕಥೆ ಹೇಳಿ. 1979ರ ಮಾರ್ಚ್ 28, ಬೆಳಗಿನ ಜಾವ 4 ಗಂಟೆ ಸುಮಾರಿಗೆ ಆ ಅಣುಸ್ಥಾವರದಲ್ಲಿ ಪ್ರೆಶರ್ ಏರಿ ರಿಲೀಫ್ ವಾಲ್ವ್ ತೆರೆದುಕೊಂಡಿತು, ಆಮೇಲೆ ಮುಚ್ಚಬೇಕಿತ್ತು, ಅಂಟಿಕೊಂಡು ತೆರೆದೇ ಉಳೀತು. ಕಂಟ್ರೋಲ್ ರೂಮಿನ ದೀಪ ಮಾತ್ರ ಆರಿತ್ತು, ಯಾಕಂದ್ರೆ ಆ ದೀಪ ಜೋಡಿಸಿದ್ದು ವಾಲ್ವ್‌ಗಲ್ಲ, ವಾಲ್ವ್‌ಗೆ ಹೋಗೋ ಕರೆಂಟಿಗೆ. ಮುಚ್ಚು ಅಂತ ಹೇಳಿದೀವಿ ಅನ್ನೋದನ್ನ ಆಪರೇಟರ್‌ಗಳು ಮುಚ್ಚಿದೆ ಅಂತ ಓದಿಕೊಂಡ್ರು. ಎರಡು ಗಂಟೆಗೂ ಜಾಸ್ತಿ ಹೊತ್ತು ಅಲ್ಲಿಂದ ಕೂಲಿಂಗ್ ನೀರು ಹೋಗ್ತಾ ಇತ್ತು, ರಿಯಾಕ್ಟರ್ ಕೋರಿನ ಒಂದು ಭಾಗ ಕರಗಿಹೋಯ್ತು.

ಇದರಲ್ಲಿ ಇನ್ನೊಂದು ವಿಷಯ ಇದೆ, ನನಗೆ ಇದೇ ಜಾಸ್ತಿ ಕಾಡೋದು. ಆ ವಾಲ್ವಿನ ಮುಂದಿನ ಪೈಪಲ್ಲಿ ಟೆಂಪರೇಚರ್ ಸೆನ್ಸರ್ ಇತ್ತು, ಅದು ಬಿಸಿ ಅಂತ ತೋರಿಸ್ತಾನೂ ಇತ್ತು. ಆದ್ರೆ ಆ ವಾಲ್ವ್‌ಗಳಲ್ಲಿ ಮುಂಚಿನಿಂದ್ಲೂ ಸ್ವಲ್ಪ ಲೀಕ್ ಇದ್ದು ಪೈಪ್ ಯಾವಾಗ್ಲೂ ಬಿಸಿನೇ ಇರ್ತಿತ್ತು, ಹಾಗಾಗಿ ಇದೂ ಅದೇ ಇರ್ಬೇಕು ಅಂದ್ಕೊಂಡ್ರು. ಸಣ್ಣ ಕಾಯಿಲೆ ರಿಪೇರಿ ಮಾಡದೆ ಬಿಟ್ಟಿದ್ರಿಂದ ದೊಡ್ಡ ಕಾಯಿಲೆ ಹೇಳಬೇಕಿದ್ದ ಸೆನ್ಸರಿನ ಮಾತಿಗೆ ಬೆಲೆನೇ ಇಲ್ಲದ ಹಾಗೆ ಆಯ್ತು. ನಿಮ್ಮಲ್ಲಿ ಸದಾ ಹಳದಿ ದೀಪ ಉರೀತಿರೋ ಅಲಾರಂ ಯಾವುದಾದ್ರೂ ಇದ್ರೆ ಹೊಸ ಸೆನ್ಸರ್ ತರೋಕೆ ಮುಂಚೆ ಅದನ್ನ ಸರಿಮಾಡ್ಸಿ.

ಪ್ರಶ್ನೆ: ಸೇಫ್ಟಿಗೆ ಅಂತ ಸೆನ್ಸರ್ ರೇಂಜ್ ನಾರ್ಮಲ್ ಕೆಲಸದ ಮಟ್ಟಕ್ಕೆ ಸರಿಯಾಗಿ ತಗೊಂಡ್ರೆ ಸಾಕಾ?

ಉತ್ತರ: ಸಾಕಾಗಲ್ಲ, ಕಾಯಿಲೆ ಬಂದಾಗ ಮಷೀನ್ ನಾರ್ಮಲ್ ಮಟ್ಟದಲ್ಲಿ ಇರಲ್ವಲ್ಲ. ಅಪೋಲೋ 13ರ ಆಕ್ಸಿಜನ್ ಟ್ಯಾಂಕಿನ ಕಥೆ ಇದೇ. ಉಡಾವಣೆಗೆ ಮುಂಚೆ ನೆಲದ ಮೇಲೆ ಟ್ಯಾಂಕ್ ಖಾಲಿ ಮಾಡೋಕೆ ಹೀಟರ್ ಗಂಟೆಗಟ್ಟಲೆ ಹಾಕಿಟ್ಟಿದ್ರು, ಒಳಗಿನ ಥರ್ಮೋಸ್ಟಾಟ್ ಸ್ವಿಚ್ 28 ವೋಲ್ಟಿಗೆ ಮಾಡಿದ್ದು, ಅಲ್ಲಿ ಕೊಟ್ಟಿದ್ದು 65 ವೋಲ್ಟ್, ಸ್ವಿಚ್ ಬೆಸೆದುಕೊಂಡು ಆಫ್ ಆಗ್ಲೇ ಇಲ್ಲ. ಒಳಗೆ ಟೆಂಪರೇಚರ್ ಫ್ಯಾರನ್‌ಹೀಟಲ್ಲಿ ಸುಮಾರು 1000 ಡಿಗ್ರಿವರೆಗೂ ಹೋಗಿ ವೈರಿನ ಇನ್ಸುಲೇಶನ್ ಹಾಳಾಯ್ತು. ಆದ್ರೆ ಹೊರಗೆ ನೋಡ್ತಿದ್ದವರ ಮೀಟರ್ 80 ಡಿಗ್ರಿಗಿಂತ ಮೇಲೆ ಓದೋ ಹಾಗೇ ಇರ್ಲಿಲ್ಲ, ಅದು 80ರಲ್ಲಿ ನಿಂತಿತ್ತು. 1970ರ ಏಪ್ರಿಲ್ 13ಕ್ಕೆ ಆ ಟ್ಯಾಂಕ್ ಬಾಹ್ಯಾಕಾಶದಲ್ಲಿ ಸಿಡೀತು. ಮೊದಲ ಉತ್ತರದಲ್ಲಿ ಸಣ್ಣ ರೇಂಜ್ ತಗೊಳ್ಳಿ ಅಂದಿದ್ದೆ, ಇಲ್ಲಿ ದೊಡ್ಡದು ಅಂತಿದೀನಿ, ಎರಡೂ ನಿಜ. ಶುರುವಿನ ಸಣ್ಣ ಬದಲಾವಣೆ ಹಿಡಿಯೋಕೆ ಸಣ್ಣ ರೇಂಜ್, ಕೈ ಮೀರಿದಾಗ ಎಲ್ಲಿವರೆಗೆ ಹೋಗಿದೆ ಅಂತ ನೋಡೋಕೆ ದೊಡ್ಡ ರೇಂಜ್. ಅಪಾಯ ಇರೋ ಜಾಗದಲ್ಲಿ ಎರಡೂ ಹಾಕಿ. ಮತ್ತೆ ಸೆನ್ಸರ್ ತನ್ನ ರೇಂಜಿನ ತುದಿ ಮುಟ್ಟಿದ್ರೆ ಅದನ್ನೇ ಒಂದು ಅಲಾರಂ ಮಾಡಿ.

ಪ್ರಶ್ನೆ: ಮೋಟರ್ ಮೇಲೆ ವೈಬ್ರೇಶನ್ ಸೆನ್ಸರ್ ಹಾಕಿದ್ವಿ, ನಿಮಿಷಕ್ಕೊಂದು ರೀಡಿಂಗ್ ಸೇವ್ ಆಗತ್ತೆ. ಬೇರಿಂಗ್ ಹೋಗೇ ಬಿಡ್ತು, ಗ್ರಾಫಲ್ಲಿ ಕೊನೇವರೆಗೂ ಏನೂ ಇರ್ಲಿಲ್ಲ. ಸೆನ್ಸರ್ ಸರಿ ಇಲ್ವಾ?

ಉತ್ತರ: ಸೆನ್ಸರ್ ಸರಿ ಇದ್ದಿರಬಹುದು. ನನಗೂ ಹೀಗೇ ಆಗಿದೆ, ಹೇಳ್ತೀನಿ. ತುಂಬಾ ವರ್ಷದ ಹಿಂದೆ ಒಂದು ದೊಡ್ಡ ಬ್ಲೋವರ್‌ಗೆ ಮ್ಯಾಗ್ನೆಟ್ ಇರೋ ಸೆನ್ಸರ್ ಹಾಕಿದ್ವಿ, ಬೇರಿಂಗ್ ಹೌಸಿಂಗ್ ಹತ್ರ ಕೈ ಹೋಗ್ತಿರ್ಲಿಲ್ಲ ಅಂತ ಪಕ್ಕದ ತಗಡಿನ ಕವರಿಗೆ ಅಂಟಿಸಿದ್ವಿ. ಗ್ರಾಫ್ ಮೂರು ತಿಂಗಳು ಒಂದೇ ಸಮ, ನಾನೇ ಸೈನ್ ಹಾಕಿ ಸರಿ ಇದೆ ಅಂದಿದ್ದೆ. ಒಂದು ರಾತ್ರಿ ಬೇರಿಂಗ್ ಹಿಡ್ಕೊಂಡು ಶಾಫ್ಟ್ ನೀಲಿ ತಿರುಗಿಬಿಟ್ಟಿತ್ತು. ಮಾರನೇ ದಿನ ಹೋಗಿ ಸೆನ್ಸರನ್ನ ಬೆರಳಿಂದ ಅಲ್ಲಾಡಿಸಿದೆ, ಪೇಂಟ್ ಮೇಲೆ ಕೂತಿದ್ದ ಮ್ಯಾಗ್ನೆಟ್ ಟಿಕ್ ಟಿಕ್ ಅಂತ ಆ ಕಡೆ ಈ ಕಡೆ ವಾಲ್ತಿತ್ತು. ಕೆಳಗೆ ಪೇಂಟ್ ಸವೆದು ಬಟ್ಟಲಾಕಾರದ ಗುರುತು ಬಿದ್ದಿತ್ತು. ಮೂರು ತಿಂಗಳು ನಾವು ಅಳೆದಿದ್ದು ತಗಡು ಅಲ್ಲಾಡೋದನ್ನ. ಅವತ್ತಿಂದ ಸೆನ್ಸರ್ ಎಲ್ಲಿ ಕೂರತ್ತೆ ಅಂತ ನಾನೇ ಹೋಗಿ ಮುಟ್ಟಿ ನೋಡದೆ ಯಾವ ಲಿಸ್ಟಿಗೂ ಸೈನ್ ಹಾಕಿಲ್ಲ.

ನಿಮ್ಮ ಎರಡನೇ ತೊಂದರೆ ನಿಮಿಷಕ್ಕೊಂದು ರೀಡಿಂಗ್ ಅನ್ನೋದು. 1500 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 25 ಸುತ್ತು. 9 ಬಾಲ್ ಇರೋ ಬೇರಿಂಗಲ್ಲಿ ಹೊರಗಿನ ರಿಂಗಲ್ಲಿ ಒಂದು ಗುಳಿ ಬಿದ್ರೆ ಸೆಕೆಂಡಿಗೆ ಸುಮಾರು 90 ಪೆಟ್ಟು, ಒಳಗಿನ ರಿಂಗಲ್ಲಿ ಬಿದ್ರೆ ಸುಮಾರು 135. ಬಾಲ್ ಸಂಖ್ಯೆಯನ್ನ ಸುತ್ತಿನಿಂದ ಗುಣಿಸಿ ಅದರ ಶೇಕಡ 40 ತಗೊಂಡ್ರೆ ಹೊರಗಿನದು, 60 ತಗೊಂಡ್ರೆ ಒಳಗಿನದು, ಅಂದಾಜಿಗೆ ಇಷ್ಟು ಸಾಕು. ಯಾವ ರಿಂಗ್ ಅಂತ ಹೇಳೋದು ಈ ಪೆಟ್ಟಿನ ಲೆಕ್ಕಾನೇ, ಅದಕ್ಕೆ ಸೆಕೆಂಡಿಗೆ ಸಾವಿರಗಟ್ಟಲೆ ಸ್ಯಾಂಪಲ್ ಬೇಕು. ಅದೂ ಅಲ್ದೆ ಶುರುವಲ್ಲಿ ಆ ಪೆಟ್ಟುಗಳು ತೀರಾ ಸಣ್ಣ, ಅವು ಹೌಸಿಂಗನ್ನ ಗಂಟೆ ಬಾರಿಸಿದ ಹಾಗೆ ಕೆಲವು ಸಾವಿರ ಹರ್ಟ್ಝ್‌ನಲ್ಲಿ ಝಂಯ್ ಅನ್ನಿಸ್ತವೆ, ಮೊದಲ ಸುಳಿವು ಸಿಗೋದು ಅಲ್ಲಿ. ಪೇಂಟ್ ಕೆರೆದು ನಯ ಮಾಡಿದ ಜಾಗಕ್ಕೆ ಸ್ಟಡ್ ಹಾಕಿ ತಿರುಪಿದ ಸೆನ್ಸರ್ ಅದನ್ನ ಕೇಳಿಸ್ಕೊಳ್ಳತ್ತೆ, ಮ್ಯಾಗ್ನೆಟ್ ಆದ್ರೆ ಮೇಲಿನ ಫ್ರೀಕ್ವೆನ್ಸಿ ಎಷ್ಟೋ ಕಳೆದುಹೋಗತ್ತೆ. ನಿಮಿಷಕ್ಕೊಂದು ಒಟ್ಟಾರೆ ಸಂಖ್ಯೆ ಇರ್ಲಿ, ಆದ್ರೆ ದಿನಕ್ಕೆ ನಾಲ್ಕು ಸಲ ಆದ್ರೂ ಕೆಲವು ಸೆಕೆಂಡ್ ಪೂರ್ತಿ ಸ್ಪೀಡಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ.

ಪ್ರಶ್ನೆ: ನಾನು ಫೈನಲ್ ಇಯರ್ ವಿದ್ಯಾರ್ಥಿನಿ, ಪ್ರಾಜೆಕ್ಟಿಗೆ ಸೆನ್ಸರ್ ಆಯ್ಕೆ ವಿಷಯ ತಗೊಂಡಿದೀನಿ. ನೀವು ಹಾಳೆ ಮೇಲೆ ಬರೀರಿ ಅಂತೀರಾ, 30 ಫಾಲ್ಟ್ 20 ಸೆನ್ಸರ್ ಇದ್ರೆ ಹೇಗೆ ಸರ್?

ಉತ್ತರ: ಒಳ್ಳೇ ವಿಷಯ ತಗೊಂಡಿದೀಯಮ್ಮ. 20 ಸೆನ್ಸರಿಗೆ ಜಾಗ ಇದ್ರೆ ಹಾಕೋದು ಬಿಡೋದು ಸೇರಿ 10,48,576 ಆಯ್ಕೆ ಇದೆ, ಕಂಪ್ಯೂಟರಿಗೆ ಅದು ಏನೂ ಅಲ್ಲ, 60 ಆದ್ರೆ ಮಾತ್ರ ಒಂದೊಂದೇ ನೋಡೋಕಾಗಲ್ಲ. ಸಮಸ್ಯೆಯನ್ನ ಜೋಡಿಗಳಾಗಿ ನೋಡು. 30 ಫಾಲ್ಟ್ ಜೊತೆ ಆರೋಗ್ಯವಾಗಿರೋದನ್ನೂ ಸೇರಿಸಿದ್ರೆ 31 ಸ್ಥಿತಿ, ಎರಡೆರಡು ಜೋಡಿ ಮಾಡಿದ್ರೆ 465 ಜೋಡಿ. ಪ್ರತಿ ಜೋಡಿನೂ ಬೇರೆ ಬೇರೆ ಅಂತ ತೋರಿಸೋ ಒಂದಾದ್ರೂ ಸೆನ್ಸರ್ ನಿನ್ನ ಆಯ್ಕೆಯಲ್ಲಿ ಇರ್ಬೇಕು, ಮತ್ತೆ ಒಟ್ಟು ಖರ್ಚು ಕಮ್ಮಿ ಇರ್ಬೇಕು. ಇದು ಗಣಿತದವರು ಸೆಟ್ ಕವರ್ ಅನ್ನೋ ಹಳೇ ಸಮಸ್ಯೆ. ಖರ್ಚಿಗೆ ಹೋಲಿಸಿದ್ರೆ ಅತಿ ಹೆಚ್ಚು ಜೋಡಿ ಬಿಡಿಸೋ ಸೆನ್ಸರನ್ನ ಮೊದಲು ತಗೋ, ಉಳಿದ ಜೋಡಿಗಳಿಗೆ ಮತ್ತೆ ಅದೇ ಮಾಡು. ಈ ಗ್ರೀಡಿ ದಾರಿ ಎಲ್ಲಾ ಸಲ ಅತ್ಯುತ್ತಮ ಉತ್ತರ ಕೊಡಲ್ಲ, ಆದ್ರೆ ಪ್ರಾಜೆಕ್ಟಿನ ಶುರುವಿಗೆ ಚೆನ್ನಾಗಿರತ್ತೆ.

ಮಾಡೆಲ್‌ನ ಸಂಖ್ಯೆಗಳು ಇನ್ನೂ ಕೈಗೆ ಸಿಕ್ಕಿಲ್ಲ, ಯಾವ ಸಮೀಕರಣದಲ್ಲಿ ಯಾವ ಚರ ಇದೆ ಅಂತ ಮಾತ್ರ ಗೊತ್ತು ಅಂದ್ರೂ ಕೆಲಸ ಮಾಡಬಹುದು. 1958ರಲ್ಲಿ ಡಲ್ಮೇಜ್ ಮತ್ತು ಮೆಂಡೆಲ್ಸನ್ ಕೊಟ್ಟ ವಿಭಜನೆ ಬಳಸಿ, ಸಮೀಕರಣಗಳು ಗೊತ್ತಿಲ್ಲದ ಚರಗಳಿಗಿಂತ ಜಾಸ್ತಿ ಇರೋ ಭಾಗ ಯಾವುದು ಅಂತ ಹುಡುಕ್ತಾರೆ. ಅಲ್ಲಿ ಮಾತ್ರ ಒಂದು ಸಮೀಕರಣವನ್ನ ಇನ್ನೊಂದರಿಂದ ಪರೀಕ್ಷೆ ಮಾಡೋಕೆ ಸಾಧ್ಯ, ಹಾಗಾಗಿ ಫಾಲ್ಟ್ ಆ ಭಾಗದಲ್ಲಿದ್ರೆ ಸಿಗತ್ತೆ. ಇದನ್ನೇ ಇಟ್ಕೊಂಡು ಎಲ್ಲಿ ಸೆನ್ಸರ್ ಸೇರಿಸಿದ್ರೆ ಯಾವ ಫಾಲ್ಟ್ ಬೇರೆ ಆಗತ್ತೆ ಅನ್ನೋ ಕ್ರಮವನ್ನ 2008ರಲ್ಲಿ ಕ್ರಿಸಾಂಡರ್ ಮತ್ತು ಫ್ರಿಸ್ಕ್ ಪ್ರಕಟಿಸಿದ್ರು, ಅದನ್ನ ಓದು. ಒಂದು ಎಚ್ಚರಿಕೆ, ಈ ವಿಧಾನ ಫಾಲ್ಟ್ ಸಿಗೋ ಸಾಧ್ಯತೆ ಇದೆ ಅಂತ ಮಾತ್ರ ಹೇಳತ್ತೆ, ನಾಯ್ಸ್ ಒಳಗಿಂದ ಎದ್ದು ಕಾಣತ್ತಾ ಅಂತ ಹೇಳಲ್ಲ. ಸಾಧ್ಯ ಆದ್ರೆ ಲ್ಯಾಬಲ್ಲಿ ಒಂದು ಸಣ್ಣ ಟ್ಯಾಂಕ್ ಪಂಪ್ ಕಟ್ಟಿ ನೀನೇ ಒಂದು ವಾಲ್ವ್ ಚೂರೇ ಚೂರು ತೆಗೆದು ಲೀಕ್ ಮಾಡಿ ನೋಡು, ಎಷ್ಟು ತೆಗೆದಾಗ ನಿನ್ನ ಆಯ್ಕೆ ಅದನ್ನ ಹಿಡೀತು ಅನ್ನೋ ಒಂದು ಗ್ರಾಫ್ ಇಡೀ ರಿಪೋರ್ಟಿಗಿಂತ ಜಾಸ್ತಿ ಹೇಳತ್ತೆ.

ಪ್ರಶ್ನೆ: ಹೊಸ ಸೆನ್ಸರಿಗೆ ದುಡ್ಡೇ ಇಲ್ಲ ಅಂದ್ರೆ?

ಉತ್ತರ: ಇರೋದನ್ನೇ ಇನ್ನೊಂದು ಸಲ ನೋಡಿ. ಕಾರಿನ ಇಂಜಿನ್ ಒಂದು ಸಿಲಿಂಡರಲ್ಲಿ ಮಿಸ್‌ಫೈರ್ ಆದ್ರೆ ಅದನ್ನ ಹಿಡಿಯೋಕೆ ಬಹಳಷ್ಟು ಗಾಡಿಗಳಲ್ಲಿ ಬೇರೆ ಸೆನ್ಸರ್ ಇಲ್ಲ, ಟೈಮಿಂಗ್‌ಗೆ ಅಂತ ಮೊದಲೇ ಇರೋ ಕ್ರ್ಯಾಂಕ್ ಪೊಸಿಷನ್ ಸೆನ್ಸರ್ ಸಾಕು. ಉರಿಯದ ಸಿಲಿಂಡರಿನ ಸರದಿ ಬಂದಾಗ ಕ್ರ್ಯಾಂಕ್ ಚೂರು ನಿಧಾನ ಆಗತ್ತೆ, ಹಲ್ಲುಗಳ ನಡುವಿನ ಸಮಯ ಅಳೆದ್ರೆ ಯಾವ ಸಿಲಿಂಡರ್ ಅಂತಾನೂ ಗೊತ್ತಾಗತ್ತೆ. ನಿಮ್ಮ ಇಂಡಕ್ಷನ್ ಮೋಟರಿಗೆ ಕರೆಂಟ್ ಅಳೆಯೋ ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಷ್ಟೋ ಸಲ ಪ್ಯಾನೆಲಲ್ಲಿ ಮೊದಲೇ ಇರತ್ತೆ. 50 ಹರ್ಟ್ಝ್ ಸಪ್ಲೈಯಲ್ಲಿ 4 ಪೋಲ್ ಮೋಟರ್ 1440 ಆರ್‌ಪಿಎಂಗೆ ಓಡ್ತಿದ್ರೆ ಸ್ಲಿಪ್, ಅಂದ್ರೆ 1500ಕ್ಕಿಂತ ಹಿಂದೆ ಬಿದ್ದಿರೋದು, 4%, ರೋಟರ್ (ಒಳಗೆ ತಿರುಗೋ ಭಾಗ) ಬಾರ್ ಮುರಿದಿದ್ರೆ ಕರೆಂಟಿನ ಸ್ಪೆಕ್ಟ್ರಮಲ್ಲಿ (ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅನ್ನೋ ಗ್ರಾಫಲ್ಲಿ) 50ರ ಅಕ್ಕಪಕ್ಕ 46 ಮತ್ತು 54 ಹರ್ಟ್ಝ್‌ನಲ್ಲಿ ಎರಡು ಸಣ್ಣ ಕಡ್ಡಿ ಏಳತ್ತೆ. ಲೋಡ್ ಇದ್ದಾಗ್ಲೇ ನೋಡಿ, ಲೋಡ್ ಇಲ್ಲದಿದ್ರೆ ಸ್ಲಿಪ್ ಸೊನ್ನೆ ಹತ್ರ ಹೋಗಿ ಎರಡೂ 50ರ ಒಳಗೇ ಮುಚ್ಚಿಹೋಗತ್ತೆ. ರೆಕಾರ್ಡಿಂಗ್ 10 ಸೆಕೆಂಡಿಗೆ ಕಮ್ಮಿ ಇರದ ಹಾಗೆ ನೋಡ್ಕೊಳ್ಳಿ, ಅಷ್ಟಿದ್ರೇನೇ ಆ ಕಡ್ಡಿಗಳು ಬಿಡಿಬಿಡಿಯಾಗಿ ಕಾಣೋದು.